ಕುಂಬಳದ ಬೀಜ: ಬಾಣಲೆಗೆಷ್ಟು, ಬಿತ್ತನೆಗೆಷ್ಟು?

ಕುಂಬಳಕಾಯಿ ಒಡೆದ ದಿನ ಹಳೆ ಮೈಸೂರು ಸೀಮೆಯ ಹಳ್ಳಿ ಮನೆಗಳಲ್ಲಿ ಒಲೆಯ ಮೇಲೆ ಹುಳಿ ಕುದಿಯುವಷ್ಟರಲ್ಲಿ ಜಗಲಿಯ ಮೇಲೆ ಇನ್ನೊಂದು ಕೆಲಸ ಮುಗಿದಿರುತ್ತಿತ್ತು. ಕಾಯಿಯ ಹೊಟ್ಟೆಯೊಳಗಿನ ನಾರನ್ನೂ ಬೀಜವನ್ನೂ ಒಟ್ಟಿಗೆ ಬಗೆದು, ನೀರಿನಲ್ಲಿ ಕಿವುಚಿ ತೊಳೆದು, ಮೊರದಲ್ಲಿ ಹರಡಿ ಬಿಸಿಲಿಗೆ ಇಡುವ ಕೆಲಸ ಅದು. ಎರಡು ದಿನ ಕಳೆದ ಮೇಲೆ ಬೀಜ ಎರಡು ಪಾಲಾಗುತ್ತಿತ್ತು. ದೊಡ್ಡ ಪಾಲು ಬಾಣಲೆಗೆ, ಸಂಜೆ ಮಕ್ಕಳ ಕುರುಕಲಿಗೆ. ಸಣ್ಣ ಪಾಲು ಬೂದಿ ಬೆರೆತು ಬಟ್ಟೆಯ ಗಂಟಿಗೆ, ಮುಂದಿನ ಮಳೆಗಾಲಕ್ಕೆ.

ಈಗ ಈ ಎರಡು ಪಾಲುಗಳೂ ಬಹುಪಾಲು ಮನೆಗಳಿಂದ ಮರೆಯಾಗಿವೆ. ಪಟ್ಟಣದಲ್ಲಿ ಕುಂಬಳವನ್ನು ಇಡಿಯಾಗಿ ಕೊಳ್ಳುವವರು ಕಡಿಮೆ. ಚಿಕ್ಕ ಸಂಸಾರಕ್ಕೆ ಅರ್ಧ ಕಿಲೋ ಹೋಳು ಸಾಕು. ಹೋಳಿನೊಂದಿಗೆ ಬಂದ ಹತ್ತಿಪ್ಪತ್ತು ಬೀಜಕ್ಕಾಗಿ ಯಾರೂ ಮೊರ ಹುಡುಕುವುದಿಲ್ಲ, ಅವು ನೇರವಾಗಿ ಕಸದ ಬುಟ್ಟಿಗೆ ಹೋಗುತ್ತವೆ. ಅದೇ ಮನೆಯವರು ಅದೇ ದಿನ ದಿನಸಿ ಅಂಗಡಿಯಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ಹಸಿರು ಬಣ್ಣದ ಕುಂಬಳ ಬೀಜದ ಪೊಟ್ಟಣವನ್ನು ದುಬಾರಿ ಬೆಲೆ ಕೊಟ್ಟು ತರುವುದೂ ಉಂಟು. ಒಂದು ಕೈಯಿಂದ ಎಸೆದದ್ದನ್ನು ಇನ್ನೊಂದು ಕೈಯಿಂದ ಕೊಳ್ಳುವ ಈ ವ್ಯವಹಾರದಲ್ಲಿ ನಷ್ಟವಾಗುತ್ತಿರುವುದು ಹಣ ಮಾತ್ರವಲ್ಲ.

ಹೆಸರು ಹಳೆಯದು, ಕಾಯಿ ಹೊಸದು

ಕನ್ನಡಿಗರ ಬಾಯಲ್ಲಿ ‘ಕುಂಬಳ’ ಎಂಬ ಹೆಸರಿಗೆ ಎರಡು ಕಾಯಿಗಳಿವೆ. ಒಂದು ಬೂದುಗುಂಬಳ, ಇನ್ನೊಂದು ಸಿಹಿಗುಂಬಳ. ಇವು ಒಂದೇ ದೊಡ್ಡ ಕುಟುಂಬಕ್ಕೆ ಸೇರಿದ್ದರೂ ಹುಟ್ಟಿದ ಊರು ಬೇರೆ ಬೇರೆ. ಬೂದುಗುಂಬಳ ಏಷ್ಯಾದ್ದು. ಸಂಸ್ಕೃತದಲ್ಲಿ ಇದಕ್ಕೆ ಕೂಷ್ಮಾಂಡ ಎಂದು ಹೆಸರು. ಹೊಸಮನೆಯ ಬಾಗಿಲಿಗೆ ದೃಷ್ಟಿ ತೆಗೆಯಲು ಕಟ್ಟುವುದು, ಆಯುಧಪೂಜೆಯ ದಿನ ವಾಹನದ ಮುಂದೆ ಒಡೆಯುವುದು ಇದನ್ನೇ.

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಳ್ಳ ಹೆಗಲನ್ನೇ ಏಕೆ ಮುಟ್ಟಿಕೊಂಡ? ಹೊತ್ತು ತಂದ ಕಾಯಿಯ ಬೂದಿ ಅಲ್ಲಿ ಅಂಟಿದೆಯೇ ಎಂದು. ಸಿಹಿಗುಂಬಳವಾಗಿದ್ದರೆ ಅವನಿಗೆ ಆ ಚಿಂತೆ ಇರುತ್ತಿರಲಿಲ್ಲ. ಬರಿಯ ‘ಕುಂಬಳ’ ಎಂದರೆ ಒಂದು ಕಾಲಕ್ಕೆ ಬೂದುಗುಂಬಳವೇ ಮೊದಲು ನೆನಪಾಗುತ್ತಿತ್ತು ಎಂಬುದನ್ನು ಈ ಗಾದೆ ಸೂಚಿಸುತ್ತದೆ.

ಪಲ್ಯ, ಹುಳಿ, ಉತ್ತರ ಕರ್ನಾಟಕದ ಗಾರಿಗೆಗಳಿಗೆ ಬಳಸುವ ಕೆಂಪು ತಿರುಳಿನ ಸಿಹಿಗುಂಬಳ ಅಮೆರಿಕ ಖಂಡದ ಬೆಳೆ. ಮೆಕ್ಸಿಕೊ ದೇಶದ ಓಹಾಕಾ ಪ್ರಾಂತ್ಯದ ಗೀಲಾ ನಾಕಿಟ್ಸ್ ಎಂಬ ಗುಹೆಯಲ್ಲಿ ಸಿಹಿಗುಂಬಳದ ಹತ್ತಿರದ ಬಂಧುವಾದ ಒಂದು ಜಾತಿಯ ಬೀಜಗಳು ಸಿಕ್ಕಿವೆ. ಮನುಷ್ಯ ಸಾಕಿ ಬೆಳೆಸಿದ ಆ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು ಎಂದು 1997ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಾಡುಕುಂಬಳದ ತಿರುಳು ಕಹಿ ಮತ್ತು ತೆಳು. ಹಾಗಾಗಿ ಮನುಷ್ಯ ಈ ಬಳ್ಳಿಯನ್ನು ಮೊದಲು ಸಾಕಿದ್ದು ತಿರುಳಿಗಾಗಿ ಅಲ್ಲ, ಬೀಜಕ್ಕಾಗಿ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ನಾವು ಕಸವೆಂದು ಎಸೆಯುವುದೇ ಅವರಿಗೆ ಮೊದಲ ಆಹಾರವಾಗಿತ್ತು.

1492ರಲ್ಲಿ ಕೊಲಂಬಸ್ ಅಮೆರಿಕ ತಲುಪಿದ ಮೇಲೆ, ಮುಖ್ಯವಾಗಿ ಪೋರ್ಚುಗೀಸರ ಹಡಗುಗಳ ಮೂಲಕ, ಮೆಣಸಿನಕಾಯಿ, ಕಡಲೆಕಾಯಿ, ಮುಸುಕಿನ ಜೋಳಗಳಂತೆ ಸಿಹಿಗುಂಬಳವೂ ನಮ್ಮ ಕಡೆಗೆ ಬಂತು. ಹುಣಸೂರು, ಪಿರಿಯಾಪಟ್ಟಣಗಳ ಹೊಲ ತುಂಬಿರುವ ಹೊಗೆಸೊಪ್ಪಿನ ಮೂಲವೂ ಅದೇ ಖಂಡ. ಹೊಗೆಸೊಪ್ಪು ಹೊಲವನ್ನು ಹಿಡಿಯಿತು, ಸಿಹಿಗುಂಬಳ ಹಿತ್ತಲನ್ನು ಹಿಡಿಯಿತು.

ತಿಪ್ಪೆಯಿಂದ ಅಟ್ಟಕ್ಕೆ

ಕೆ.ಆರ್.ನಗರ ತಾಲ್ಲೂಕಿನ ಹೊಸ ಅಗ್ರಹಾರ ಹೋಬಳಿಯಂಥ ನಾಲೆ ಬಯಲಿನಲ್ಲಾಗಲಿ, ಎಚ್.ಡಿ.ಕೋಟೆಯ ಕಾಡಂಚಿನ ರಾಗಿ ಹೊಲಗಳ ನಡುವೆಯಾಗಲಿ, ಕುಂಬಳ ಎಂದೂ ಗದ್ದೆ ಹೊಲಗಳ ನಡುಮಧ್ಯದ ಬೆಳೆಯಾಗಿರಲಿಲ್ಲ. ಮುಂಗಾರಿನ ಮೊದಲ ಹದ ಬಿದ್ದಾಗ ತಿಪ್ಪೆಯ ಅಂಚಿನಲ್ಲೋ ಬೇಲಿಯ ಬುಡದಲ್ಲೋ ಒಂದು ಗುಳಿ ತೋಡಿ, ಮೂರು ನಾಲ್ಕು ಬೀಜ ಹಾಕಿದರೆ ಮುಗಿಯಿತು. ಗೊಬ್ಬರ ತಿಪ್ಪೆಯದು, ನೀರು ಮಳೆಯದು. ಬಳ್ಳಿ ತಾನೇ ದಾರಿ ಹುಡುಕಿಕೊಂಡು ಕೊಟ್ಟಿಗೆಯ ಸೂರನ್ನೇರುತ್ತಿತ್ತು. ಸುಮಾರು ನಾಲ್ಕು ತಿಂಗಳಿಗೆ ಕಾಯಿ ಬಲಿತು, ತೊಟ್ಟು ಒಣಗಿ, ಸಿಪ್ಪೆ ಉಗುರಿಗೆ ಬಗ್ಗದಷ್ಟು ಗಟ್ಟಿಯಾದಾಗ ಕೊಯ್ದು ಅಟ್ಟಕ್ಕೇರಿಸಿದರೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿತ್ತು.

ಅಟ್ಟದಲ್ಲಿ ಕಾಯಿ ಸುಮ್ಮನೆ ಕೂತಿರುವುದಿಲ್ಲ. ಕೊಯ್ದ ಮೇಲೂ ಒಳಗಿನ ಬೀಜ ಕೆಲವು ವಾರ ಬಲಿಯುತ್ತಲೇ ಇರುತ್ತದೆ. ಆದ್ದರಿಂದ ಬಿತ್ತನೆಗಾಗಲಿ ಹುರಿಯಲಿಕ್ಕಾಗಲಿ ಹಳೆಯ ಕಾಯಿಯ ಬೀಜವೇ ಒಳ್ಳೆಯದು. ಎಳೆಗಾಯಿಯ ಬೀಜ ಹುರಿದರೆ ಬರಿಯ ಸಿಪ್ಪೆ ಸಿಕ್ಕೀತು.

ಇಡೀ ಕುಂಬಳಕ್ಕೆ ಮೊದಲ ಏಟು ಹಾಕುವುದು ಗಂಡಸರ ಅಥವಾ ಹುಡುಗರ ಕೆಲಸ ಎಂಬ ರೂಢಿ ನಮ್ಮಲ್ಲಿ ಹಲವು ಕಡೆ ಇದೆ. ಆದರೆ ಆ ಏಟಿನ ನಂತರ ಎಲ್ಲವೂ ಹೆಂಗಸರ ಕೈಗೆ. ಯಾವ ಕಾಯಿ ಸಿಹಿಯಾಗಿತ್ತು, ಯಾವುದು ಬೇಗ ಬೆಂದಿತು, ಯಾವುದು ಬೇಸಿಗೆಯವರೆಗೂ ಕೊಳೆಯದೆ ಉಳಿಯಿತು ಎಂಬುದು ಅಡುಗೆ ಮಾಡಿದವರಿಗೇ ಗೊತ್ತು. ಅಂಥ ಕಾಯಿಯ ಬೀಜವೇ ಗಂಟಿಗೆ ಸೇರುತ್ತಿತ್ತು. ತಳಿ ಆಯ್ಕೆ ಎಂದು ಕೃಷಿ ವಿಜ್ಞಾನ ಕರೆಯುವುದು ಇದನ್ನೇ.

ಹುರಿಯುವ ಹದ

ಬೀಜ ಹುರಿಯುವುದು ಕಷ್ಟದ ಕೆಲಸವಲ್ಲ, ಅವಸರದ ಕೆಲಸವೂ ಅಲ್ಲ. ಮೊದಲು ನಾರನ್ನು ಬಿಡಿಸಬೇಕು. ಒಂದು ಪಾತ್ರೆ ನೀರಿನಲ್ಲಿ ಕೈಯಾಡಿಸಿದರೆ ನಾರು ಬೇರೆಯಾಗುತ್ತದೆ. ಬೀಜಕ್ಕೆ ಅಂಟಿರುವ ಲೋಳೆ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಲೋಳೆ ಉಳಿದರೆ ಹುರಿಯುವಾಗ ಅದೇ ಮೊದಲು ಕರಕಾಗುತ್ತದೆ. ಒಣಗಿಸಲು ಮೊರ, ಚಾಪೆ ಅಥವಾ ಬಟ್ಟೆ ಆಗಬಹುದು. ಕಾಗದ ಬೇಡ, ಬೀಜ ಅದಕ್ಕೆ ಅಂಟಿಕೊಳ್ಳುತ್ತದೆ.

ಉಪ್ಪು ಒಳಗಿನವರೆಗೆ ಇಳಿಯಬೇಕಾದರೆ ಬೀಜವನ್ನು ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಮತ್ತೆ ಒಣಗಿಸಿ ಹುರಿಯುವುದು ಒಳ್ಳೆಯ ಉಪಾಯ. ಹುರಿದ ಮೇಲೆ ಉದುರಿಸಿದ ಉಪ್ಪು ಸಿಪ್ಪೆಯ ಮೇಲೇ ನಿಲ್ಲುತ್ತದೆ, ಬಾಯಿಗೆ ಬರುವುದು ಉಗಿಯುವ ಸಿಪ್ಪೆಯೊಡನೆ.

ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಬಿಡದೆ ಆಡಿಸುವ ಕೈ ಇವು ಮೂರು ಮುಖ್ಯ. ಕಡಲೆಕಾಯಿ ಹುರಿದಂತೆ ಬಿಸಿ ಮರಳಿನಲ್ಲಿ ಹುರಿದರೆ ಶಾಖ ಎಲ್ಲ ಕಡೆಯಿಂದ ಸಮನಾಗಿ ತಾಗುತ್ತದೆ. ಬೀಜದೊಳಗೆ ಉಳಿದ ತೇವ ಆವಿಯಾಗಿ ಸಿಪ್ಪೆಯನ್ನು ಒತ್ತಿದಾಗ ಚಟಪಟ ಸದ್ದು ಕೇಳುತ್ತದೆ. ಸಿಪ್ಪೆ ನಸು ಹೊಂಬಣ್ಣಕ್ಕೆ ತಿರುಗಿ ಸದ್ದು ನಿಂತರೆ ಇಳಿಸಬಹುದು. ಹತ್ತರಿಂದ ಹದಿನೈದು ನಿಮಿಷ ಸಾಕು. ಓವನ್ ಇರುವವರು 150ರಿಂದ 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡಬಹುದು. ಬಿಸಿಯಾಗಿರುವಾಗ ಬೀಜ ಮೆತ್ತಗೆನಿಸಿದರೂ ಆರಿದ ಮೇಲೆ ಗರಿಯಾಗುತ್ತದೆ. ಮೆತ್ತಗಿದೆಯೆಂದು ಮತ್ತೆ ಉರಿ ಹೆಚ್ಚಿಸಿದವರಿಗೆ ಸಿಗುವುದು ಕಹಿ. ಅಚ್ಚಖಾರದ ಪುಡಿ, ಇಂಗು, ಅರಿಶಿನ ಬೇಕೆನ್ನುವವರು ಕೊನೆಯಲ್ಲಿ ಎರಡು ಹನಿ ಎಣ್ಣೆಯೊಂದಿಗೆ ಸೇರಿಸಬಹುದು.

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಬೇಕು. ಬೀಜದಲ್ಲಿ ಎಣ್ಣೆಯಂಶ ಹೆಚ್ಚಾದ್ದರಿಂದ ತೆರೆದಿಟ್ಟರೆ ಕಮಟು ವಾಸನೆ ಬರುತ್ತದೆ. ಕೆಲವೇ ವಾರಗಳಲ್ಲಿ ತಿಂದು ಮುಗಿಸುವುದು ಒಳ್ಳೆಯದು.

ಒಳಗೇನಿದೆ?

ಸಿಪ್ಪೆ ಸುಲಿದ 100 ಗ್ರಾಂ ಬೀಜದಲ್ಲಿ ಸುಮಾರು 30 ಗ್ರಾಂ ಸಸಾರಜನಕ, 49 ಗ್ರಾಂ ಕೊಬ್ಬು ಇರುತ್ತದೆ. ಮೆಗ್ನೀಸಿಯಂ 590 ಮಿಲಿಗ್ರಾಂ, ಕಬ್ಬಿಣ 8ರಿಂದ 9 ಮಿಲಿಗ್ರಾಂ, ಸತು ಸುಮಾರು 8 ಮಿಲಿಗ್ರಾಂ. ಬೇಳೆಗಳಲ್ಲಿರುವಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಸಸಾರಜನಕ ಒಂದು ಕುರುಕಲು ತಿಂಡಿಯಲ್ಲಿ ಇದೆಯೆಂದರೆ ಅದನ್ನು ಹಗುರವಾಗಿ ಕಾಣಲಾಗದು. ಆದರೆ 100 ಗ್ರಾಮಿಗೆ 550 ಕ್ಯಾಲೊರಿ ಮೀರುವ ಶಕ್ತಿಯೂ ಅದರಲ್ಲಿದೆ. ಒಂದು ಹಿಡಿ ತಿಂಡಿ, ಒಂದು ಸೇರು ಊಟ ಎಂಬುದನ್ನು ನೆನಪಿಡಬೇಕು.

ಹೊಟ್ಟೆಯ ಹುಳಕ್ಕೆ ಕುಂಬಳ ಬೀಜ ಕೊಡುವ ಮನೆಮದ್ದು ಹಲವು ದೇಶಗಳಲ್ಲಿ ಇತ್ತು. ಅಮೆರಿಕದ ಅಧಿಕೃತ ಔಷಧ ಸಂಹಿತೆಯಲ್ಲಿಯೂ 1863ರಿಂದ 1936ರವರೆಗೆ ಅದಕ್ಕೆ ಸ್ಥಾನವಿತ್ತು. ಈಗ ಅದಕ್ಕಿಂತ ನಂಬಲರ್ಹವಾದ, ಅಗ್ಗದ ಮಾತ್ರೆಗಳಿವೆ. ಬೀಜವನ್ನು ತಿಂಡಿಯೆಂದೇ ತಿನ್ನುವುದು ಲೇಸು.

ಹಾಗಾದರೆ ಅಂಗಡಿಯ ಹಸಿರು ಬೀಜ ಯಾವುದು? ಊರಿನ ಕುಂಬಳದ ಬೀಜದ ಸಿಪ್ಪೆ ಸುಲಿದರೂ ಒಳಗೆ ತೆಳುವಾದ ಹಸಿರು ಪೊರೆ ಕಾಣುತ್ತದೆ. ಪೊಟ್ಟಣದ ಬೀಜಗಳಲ್ಲಿ ಕೆಲವು ಹೀಗೆ ಯಂತ್ರದಲ್ಲಿ ಸುಲಿದವು. ಇನ್ನು ಕೆಲವು ಹುಟ್ಟಿನಿಂದಲೇ ಗಟ್ಟಿ ಸಿಪ್ಪೆ ಇಲ್ಲದ ತಳಿಯವು. ಆಸ್ಟ್ರಿಯಾ ದೇಶದ ಸ್ಟೈರಿಯಾ ಪ್ರಾಂತ್ಯದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಥದೊಂದು ತಳಿ ಆಕಸ್ಮಿಕವಾಗಿ ಕಾಣಿಸಿಕೊಂಡಿತು. ಅಲ್ಲಿ ಇದರಿಂದ ಕಡುಹಸಿರು ಬಣ್ಣದ ಅಡುಗೆ ಎಣ್ಣೆ ತೆಗೆಯುತ್ತಾರೆ. ಸುಲಿಯುವ ಶ್ರಮ ಇಲ್ಲ ಎಂಬುದನ್ನು ಬಿಟ್ಟರೆ ಪೋಷಣೆಯಲ್ಲಿ ಹಿತ್ತಲ ಬೀಜ ಅದಕ್ಕೆ ಹೆಚ್ಚು ಬಿಟ್ಟುಕೊಡುವುದಿಲ್ಲ.

ಮೂರು ಎಚ್ಚರಿಕೆ

ಒಂದು, ಕಹಿಯಾದ ಕುಂಬಳವನ್ನಾಗಲಿ ಅದರ ಬೀಜವನ್ನಾಗಲಿ ತಿನ್ನಬಾರದು. ಈ ಕುಟುಂಬದ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ಕೆಲವೊಮ್ಮೆ ತಲೆದೋರುತ್ತದೆ. ಕಹಿ ಸೋರೆಕಾಯಿಯ ರಸ ಕುಡಿದು ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಬೇಯಿಸಿದರೆ ಈ ಕಹಿ ಹೋಗುವುದಿಲ್ಲ. ನಾಲಿಗೆ ಬೇಡವೆಂದರೆ ಕೇಳಬೇಕು.

ಎರಡು, ಬಿತ್ತನೆಗೆಂದು ಮಾರುವ ಪೊಟ್ಟಣದ ಬೀಜವನ್ನು ಎಂದೂ ಹುರಿದು ತಿನ್ನಬಾರದು. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಗುಲಾಬಿ, ನೀಲಿ ಬಣ್ಣ ಅದರ ಗುರುತು.

ಮೂರು, ಪುಟ್ಟ ಮಕ್ಕಳಿಗೆ ಇಡೀ ಬೀಜ ಕೊಡಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ದೊಡ್ಡ ಮಕ್ಕಳೂ ಸಿಪ್ಪೆ ಸಮೇತ ಅತಿಯಾಗಿ ನುಂಗಿದರೆ ಮಲಬದ್ಧತೆಯ ತೊಂದರೆ ತಪ್ಪಿದ್ದಲ್ಲ.

ಬಿತ್ತುವ ಪಾಲು

ಚೆನ್ನಾಗಿ ಬಲಿತ ದೊಡ್ಡ ಕಾಯಿಯೊಂದರಲ್ಲಿ ಇನ್ನೂರು ಮುನ್ನೂರು ಬೀಜ ಸಿಗುವುದು ಸಾಮಾನ್ಯ. ಒಂದು ಸಂಸಾರದ ಹಿತ್ತಲಿಗೆ ಹತ್ತು ಬೀಜ ಸಾಕು, ನೆರೆಯವರಿಗೆ ಹತ್ತು ಕೊಡಬಹುದು. ಉಳಿದದ್ದೆಲ್ಲ ಬಾಣಲೆಗೆ ಹೋದರೂ ತಳಿಗೆ ನಷ್ಟವಿಲ್ಲ. ತಿನ್ನುವುದಕ್ಕೂ ಉಳಿಸುವುದಕ್ಕೂ ಇಲ್ಲಿ ಜಗಳವೇ ಇಲ್ಲ. ಹುರಿಯಲೆಂದು ಬೀಜ ತೊಳೆದು ಒಣಗಿಸುವ ಮನೆಯಲ್ಲಿ ಬಿತ್ತನೆಯ ಬೀಜವೂ ತಾನಾಗಿ ಉಳಿಯುತ್ತಿತ್ತು. ಬೀಜವನ್ನು ಕಸವೆಂದು ಕಂಡ ಮನೆಯಲ್ಲಿ ಎರಡೂ ಇಲ್ಲ.

ಆದರೆ ಉಳಿಸುವ ಬೀಜ ಯಾವುದು ಎಂಬುದು ಮುಖ್ಯ. ಕಂಪನಿಗಳ ಹೈಬ್ರಿಡ್ ಬೀಜದಿಂದ ಬೆಳೆದ ಕಾಯಿಯ ಬೀಜ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಒಂದೊಂದು ಬಳ್ಳಿ ಒಂದೊಂದು ರೀತಿಯಾಗುತ್ತದೆ. ಅದನ್ನು ಹುರಿದು ತಿನ್ನಲು ಅಡ್ಡಿಯಿಲ್ಲ, ನೆಚ್ಚಿ ಬಿತ್ತಲಾಗದು. ನಾಟಿ ತಳಿಯ ಬೀಜ ಹಾಗಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ‘ಅರ್ಕಾ ಚಂದನ್’ನಂಥ ಹೈಬ್ರಿಡ್ ಅಲ್ಲದ ತಳಿಗಳ ಬೀಜವನ್ನೂ ಮನೆಯಲ್ಲೇ ಉಳಿಸಿಕೊಳ್ಳಬಹುದು. ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ರೈತರ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಮಾನ್ಯ ಮಾಡಿದೆ.

ತೊಡಕೊಂದಿದೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಪರಾಗವನ್ನು ಒಯ್ಯುವುದು ಜೇನ್ನೊಣ. ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದರೆ ನೊಣಕ್ಕೆ ಬೇಲಿಯ ಹಂಗಿಲ್ಲ. ತಳಿ ಶುದ್ಧವಾಗಿ ಉಳಿಯಬೇಕೆನ್ನುವವರು ಮಾರನೆಯ ದಿನ ಅರಳಲಿರುವ ಎರಡೂ ಬಗೆಯ ಮೊಗ್ಗುಗಳ ಬಾಯನ್ನು ಸಂಜೆಯೇ ದಾರದಿಂದ ಕಟ್ಟಬೇಕು. ಬುಡದಲ್ಲಿ ಪುಟ್ಟ ಹೀಚು ಇರುವುದೇ ಹೆಣ್ಣು. ಬೆಳಿಗ್ಗೆ ಗಂಡು ಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿಗೆ ಸವರಿ ಮತ್ತೆ ಬಾಯಿ ಕಟ್ಟಿದರೆ ಆಯಿತು. ಆ ಕಾಯಿಗೊಂದು ಗುರುತು ಹಾಕಿಟ್ಟರೆ ಬಿತ್ತನೆಯ ಬೀಜ ಸಿದ್ಧ.

ಪಟ್ಟಣದವರಿಗೆ ಹಿತ್ತಲಿಲ್ಲ, ತಿಪ್ಪೆಯಿಲ್ಲ. ಆದರೆ ನಾಲ್ಕು ಮನೆಯವರು ಕೂಡಿ ಒಂದು ಇಡೀ ಕಾಯಿ ಕೊಂಡು ಹಂಚಿಕೊಳ್ಳಲು ಅಡ್ಡಿಯೇನೂ ಇಲ್ಲ. ಹೋಳು ನಾಲ್ಕು ಮನೆಗೆ ಹೋದರೂ ಬೀಜವೆಲ್ಲ ಒಂದೇ ಮೊರಕ್ಕೆ ಬರಲಿ. ಸಂಜೆಯ ಕುರುಕಲಾದ ಮೇಲೆ ಒಂದು ಚಿಟಿಕೆ ಬೀಜ ಉಳಿದರೆ, ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸಬಹುದು. ಅಲ್ಲಿ ತಿಪ್ಪೆಯ ಅಂಚು ಇನ್ನೂ ಖಾಲಿ ಇದ್ದೀತು.