ನೋವಿಲ್ಲದ ಗಂಟನ್ನು ಮುಚ್ಚಿಡಬೇಡಿ



"ಎದೇಲಿ ಗಂಟಿದೆ ಸಿಸ್ಟರ್, ಆದ್ರೆ ನೋವೇನೂ ಇಲ್ವಲ್ಲಾ" ಎಂಬ ಮಾತನ್ನು ಸಂಘದ ಸಭೆಗಳಲ್ಲಿ ನಾವು ಕೇಳುತ್ತೇವೆ. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಆದ್ದರಿಂದಲೇ ತಡಮಾಡದೆ ತೋರಿಸಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅದು ಪರೀಕ್ಷೆಯಿಂದಲೇ ಗೊತ್ತಾಗಬೇಕು. ತೊಟ್ಟು ಒಳಸೇರಿದರೆ, ರಕ್ತ ಸೋರಿದರೆ, ಚರ್ಮ ಗುಳಿಬಿದ್ದರೆ, ಕಂಕುಳಲ್ಲಿ ಗಂಟಾದರೆ ಕೂಡ ತೋರಿಸಿ.

ಪರೀಕ್ಷೆಗಳು ಯಾವುವು?

1. ಕೈಯಿಂದ ಪರೀಕ್ಷೆ: ಸರ್ಕಾರದ ಕಾರ್ಯಕ್ರಮದಂತೆ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಗಂಟು ಕಂಡರೆ 5 ವರ್ಷ ಕಾಯಬೇಡಿ!

2. ಮ್ಯಾಮೋಗ್ರಾಂ: ಸ್ತನವನ್ನು ಎರಡು ತಟ್ಟೆಗಳ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ. ಕೆಲವು ಸೆಕೆಂಡು ಮಾತ್ರ ಒತ್ತುತ್ತದೆ. ಅಂದು ಪೌಡರ್ ಹಾಕಬೇಡಿ.

3. ಸ್ಕ್ಯಾನಿಂಗ್: ಚಿಕ್ಕ ವಯಸ್ಸಿನವರಿಗೆ ಹೆಚ್ಚಾಗಿ ಮೊದಲು ಇದನ್ನೇ ಮಾಡುತ್ತಾರೆ. ಗಂಟು ಗಟ್ಟಿಯೋ, ನೀರು ತುಂಬಿದ್ದೋ ತಿಳಿಯುತ್ತದೆ.

4. ಬಯಾಪ್ಸಿ: ಸಂಶಯವಿದ್ದರೆ ಸೂಜಿಯಿಂದ ಚೂರು ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಹಿಂಜರಿಯಬೇಡಿ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಮಾತು ಎತ್ತೋಣ. ಒಬ್ಬರಿಗೆ ಆಸ್ಪತ್ರೆಗೆ ಹೋಗಲು ನಾಚಿಕೆಯಾದರೆ ಇನ್ನೊಬ್ಬರು ಜೊತೆಗೆ ಹೋಗೋಣ.