ಊರಿನ ಕಣ್ಣು

ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿಯ ಜನರಿಗೆ ಕಾಯಿಲೆ ಕಸಾಲೆ ಎಂದೊಡನೆ ನೆನಪಾಗುವವನು ಕಪಿಲಾ ತೀರದ ನಂಜುಂಡೇಶ್ವರ. ರೋಗಹರನೆಂದು ಹೆಸರಾದ ಈ ದೇವರನ್ನು ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣುಬೇನೆ ವಾಸಿಯಾದ ಮೇಲೆ ‘ಹಕೀಂ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯಿದೆ. ಬೇನೆಯುಳ್ಳವರು ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುವುದು ಹಿಂದಿನಿಂದ ಬಂದ ರೂಢಿ. ಆದರೆ ಒಂದು ರೋಗವನ್ನು ದೇವರ ಮುಂದೆ ಹೇಳಿಕೊಳ್ಳುವುದಕ್ಕೂ ಜನ ಅಂಜುತ್ತಿದ್ದರು. ನೆರೆಹೊರೆಯವರ ಮುಂದೆ ಹೇಳುವ ಮಾತಂತೂ ದೂರ. ಅದು ಕುಷ್ಠರೋಗ.

ಪೂರ್ವಜನ್ಮದ ಪಾಪದಿಂದ ಈ ರೋಗ ಬರುತ್ತದೆಂದು ಬಹುಕಾಲ ನಂಬಲಾಗಿತ್ತು. 1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸನ್, ಇದಕ್ಕೆ ಒಂದು ಸೂಕ್ಷ್ಮಾಣುವೇ ಕಾರಣವೆಂದು ತೋರಿಸಿಕೊಟ್ಟನು. ಈ ಸೂಕ್ಷ್ಮಾಣು ಬಹಳ ನಿಧಾನವಾಗಿ ಬೆಳೆಯುತ್ತದೆ. ಅದು ದೇಹವನ್ನು ಸೇರಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯಬಹುದು. ಮೊದಲು ಚರ್ಮದ ಮೇಲೆ ತಿಳಿಬಣ್ಣದ ಅಥವಾ ತಾಮ್ರವರ್ಣದ ಮಚ್ಚೆಯೊಂದು ತೋರುತ್ತದೆ. ಅದು ನವೆಯಾಗುವುದಿಲ್ಲ, ನೋಯುವುದೂ ಇಲ್ಲ. ಹಕ್ಕಿಯ ಗರಿಯಿಂದ ಮೆಲ್ಲನೆ ಸವರಿದರೂ ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಅಚ್ಚಬಿಳಿಯ ತೊನ್ನನ್ನು ಕುಷ್ಠವೆಂದು ಭಾವಿಸುವವರಿದ್ದಾರೆ, ಇದು ತಪ್ಪು. ತೊನ್ನಿನಲ್ಲಿ ಸ್ಪರ್ಶಜ್ಞಾನ ನಷ್ಟವಾಗುವುದಿಲ್ಲ, ಅದು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ನೋವಿಲ್ಲದಿರುವುದೇ ಈ ರೋಗದ ಕೇಡು. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಮುಟ್ಟಿದ ಬೆರಳಿಗೆ ಸುಟ್ಟುದು ತಿಳಿಯದು. ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವನಿಗೆ ಮುಳ್ಳು ನಾಟಿದುದು ಗೊತ್ತಾಗದು. ಗಾಯ ಹುಣ್ಣಾಗಿ, ಹುಣ್ಣು ಕೀವಾಗಿ, ಕಡೆಗೆ ಬೆರಳುಗಳೇ ಸವೆಯುತ್ತವೆ. ಜನ ಕುಷ್ಠವೆಂದು ಕಂಡು ಹೆದರಿದ್ದು ಈ ಅಂಗವೈಕಲ್ಯವನ್ನು. ಇದು ರೋಗವನ್ನು ತಡವಾಗಿ ಗುರುತಿಸಿದ್ದರ ಫಲ.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ನುಂಗಿದರೆ ರೋಗ ಗುಣವಾಗುತ್ತದೆ. ಚಿಕಿತ್ಸೆ ಆರಂಭವಾದ ಮೇಲೆ ಬೇಗನೆ ಸೋಂಕು ಹರಡುವುದೂ ನಿಲ್ಲುತ್ತದೆ. ಔಷಧವೇನೋ ದೊರೆಯಿತು. ಆದರೆ ರೋಗಿ ದೊರೆಯಬೇಕಲ್ಲ! ನೋಯದ ಮಚ್ಚೆಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ಯಾರು? ಅದು ಬೆನ್ನಿನ ಮೇಲಿದ್ದರೆ ಇದ್ದವನಿಗೇ ಕಾಣದು. ಮಗುವಿಗೆ ಎಣ್ಣೆ ತಿಕ್ಕಿ ನೀರೆರೆಯುವ ತಾಯಿಗೆ ಅದು ಕಾಣುತ್ತದೆ, ಕೆರೆಯಲ್ಲಿ ಜೊತೆಗೆ ಈಜುವ ಗೆಳೆಯನಿಗೆ ಕಾಣುತ್ತದೆ. ಎಷ್ಟೇ ನಿಪುಣನಾದರೂ ವೈದ್ಯನೊಬ್ಬನು ಒಂದು ಹೋಬಳಿಯ ಎಲ್ಲರ ಮೈಯನ್ನೂ ನೋಡಲಾರನು. ಕಂಡವರು ಬಾಯಿ ಬಿಡದಿದ್ದರೆ ಮಾತ್ರೆಗಳು ಕಪಾಟಿನಲ್ಲಿಯೇ ಉಳಿಯುತ್ತವೆ.

ಬಿಳಿಗೆರೆಯಿಂದ ತಿರುಮಕೂಡಲು ನರಸೀಪುರವನ್ನು ದಾಟಿ ಮುಂದೆ ಹೋದರೆ ಯಳಂದೂರು ಸಿಗುತ್ತದೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಮೈಸೂರು ಜಿಲ್ಲೆಗೇ ಸೇರಿತ್ತು. ಇಲ್ಲಿ ಕುಷ್ಠರೋಗ ಹೆಚ್ಚಾಗಿದ್ದುದನ್ನು ಕಂಡು 1986ರಲ್ಲಿ ಕರುಣಾ ಟ್ರಸ್ಟ್ ಕೆಲಸವನ್ನು ಆರಂಭಿಸಿತು. ಇದನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಅದಕ್ಕೆ ಮೊದಲೇ, 1981ರಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ್ದರು. ಮೊದಮೊದಲು ಹೊರಗಿನವರನ್ನು ಕಂಡರೆ ಸೋಲಿಗರು ಹತ್ತಿರ ಬರುತ್ತಿರಲಿಲ್ಲ. ಔಷಧದ ಪೆಟ್ಟಿಗೆಯನ್ನು ಹೊತ್ತು ಹಾಡಿಯಿಂದ ಹಾಡಿಗೆ ನಡೆದ ಮೇಲೆಯೇ ನಂಬಿಕೆ ಬೆಳೆಯಿತು. ಮುಂದೆ ಸೋಲಿಗ ಹೆಣ್ಣುಮಕ್ಕಳಿಗೇ ದಾದಿಯರ ತರಬೇತಿ ಕೊಡಲಾಯಿತು. ತಮ್ಮ ಮಾತನ್ನೇ ಆಡುವ, ತಮ್ಮ ಒಲೆಯ ಬಳಿ ಕುಳಿತು ಮುದ್ದೆ ಉಣ್ಣುವ ದಾದಿಯ ಮುಂದೆ ಗುಟ್ಟನ್ನು ಬಿಚ್ಚಿಡುವುದು ಸುಲಭ.

ಇಲ್ಲಿ ಕಲಿತವರು ಹಾಡಿಯವರು ಮಾತ್ರವಲ್ಲ. ಸೋಲಿಗ ಹೆಂಗಸರು ಕುಕ್ಕುರುಗಾಲಿನಲ್ಲಿ ಕುಳಿತು ಹೆರುವ ಪದ್ಧತಿಯು ಹೆರಿಗೆಗೆ ಅನುಕೂಲವೆಂಬುದನ್ನು ವೈದ್ಯರು ಅವರಿಂದ ತಿಳಿದರು. ಕಲಿಸಲು ಬಂದವರು ಕಲಿಯಲೂ ಸಿದ್ಧರಿದ್ದುದರಿಂದಲೇ ಅವರ ಮಾತಿಗೆ ಬೆಲೆ ಬಂದಿತೆನ್ನಬೇಕು. ಯಳಂದೂರಿನಲ್ಲಿಯೂ ಕುಷ್ಠದಿಂದ ಆರಂಭವಾದ ಕೆಲಸ ಕ್ಷಯ, ಮೂರ್ಛೆರೋಗಗಳವರೆಗೆ ವಿಸ್ತರಿಸಿತು. 1996ರಲ್ಲಿ ಸರ್ಕಾರವು ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು ಈ ಸಂಸ್ಥೆಗೆ ವಹಿಸಿತು.

ಒಂದು ಸಂಸ್ಥೆ ಎಲ್ಲ ಊರುಗಳಿಗೂ ಹೋಗಲಾರದು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಊರಿನ ಸೊಸೆಯರೇ ಆಶಾ ಕಾರ್ಯಕರ್ತೆಯರಾದರು. ಸುಮಾರು ಸಾವಿರ ಜನಕ್ಕೆ ಒಬ್ಬರು. ಜೊತೆಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳು ಬಂದವು. ಪಂಚಾಯಿತಿ ಸದಸ್ಯರು, ಅಂಗನವಾಡಿ ಕಾರ್ಯಕರ್ತೆ, ಸ್ವಸಹಾಯ ಸಂಘದ ಹೆಂಗಸರು ಕೂಡಿ ಕುಳಿತು ಊರಿನ ಚರಂಡಿ, ನೀರು, ಕಾಯಿಲೆಗಳನ್ನು ಚರ್ಚಿಸಬೇಕೆಂಬುದು ಇವುಗಳ ಉದ್ದೇಶ. ಕೂಡದೆಯೇ ಪುಸ್ತಕದಲ್ಲಿ ರುಜು ಹಾಕಿದರೆ ಅದು ಸಭೆಯಾಗದು. ಬಡವರ ಕೇರಿಯವರಿಗೆ ಕುಳಿತುಕೊಳ್ಳಲು ಚಾಪೆಯಿದ್ದು ಮಾತಿಗೆ ಎಡೆಯಿಲ್ಲದಿದ್ದರೆ ಅದೂ ಸಭೆಯಲ್ಲ.

ಈ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ರೋಗಿಯ ಮನೆಯವರು, ನೆರೆಯವರು ಮುಂತಾದ ಸಂಪರ್ಕದಲ್ಲಿದ್ದವರಿಗೆ ಈಗ ಮುಂಜಾಗ್ರತೆಯಾಗಿ ರಿಫಾಂಪಿಸಿನ್ ಎಂಬ ಔಷಧವನ್ನು ಒಂದೇ ಸಲ ಕೊಡಲಾಗುತ್ತದೆ. ಮಾತ್ರೆ ಕೊಡಲು ನೆರೆಮನೆಯ ಬಾಗಿಲು ತಟ್ಟಿದೊಡನೆ, ಯಾರಿಂದಾಗಿ ಎಂಬ ಪ್ರಶ್ನೆ ಹುಟ್ಟುತ್ತದೆ. ಆದುದರಿಂದ ರೋಗಿಯ ಒಪ್ಪಿಗೆಯಿಲ್ಲದೆ ಮುಂದುವರಿಯುವಂತಿಲ್ಲ. ಆತ ಹೂಂ ಎನ್ನುವುದೂ ಊಹೂಂ ಎನ್ನುವುದೂ ಊರು ತನ್ನನ್ನು ನಾಳೆ ಹೇಗೆ ಕಂಡೀತು ಎಂಬುದನ್ನು ಅವಲಂಬಿಸಿದೆ. ಕಾನೂನೇ ಈ ಭಯವನ್ನು ಪೋಷಿಸಿದ ಕಾಲವೂ ಇತ್ತು. ಕುಷ್ಠವಿದೆಯೆಂದು ಗಂಡನಾಗಲಿ ಹೆಂಡತಿಯಾಗಲಿ ವಿಚ್ಛೇದನ ಕೇಳಬಹುದಾಗಿದ್ದ ವಿಧಿಯನ್ನು ತೆಗೆದುಹಾಕಿದ್ದು 2019ರಲ್ಲಿ.

ದೇಶದಲ್ಲಿ ಹತ್ತು ಸಾವಿರಕ್ಕೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಮಟ್ಟವನ್ನು 2005ರ ಕೊನೆಗೆ ಮುಟ್ಟಲಾಯಿತು. ಹಾಗೆಂದು ರೋಗ ಹೋಗಿಲ್ಲ. 2022–23ರಲ್ಲಿ ಭಾರತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ಗಾಂಧೀಜಿಯವರು ಸೇವಾಗ್ರಾಮದಲ್ಲಿ ಕುಷ್ಠಪೀಡಿತರಾದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳ ಮೈಯನ್ನು ತಮ್ಮ ಕೈಯಿಂದಲೇ ಉಜ್ಜಿ ಶುಶ್ರೂಷೆ ಮಾಡಿದ್ದರು. ಅವರು ಹುತಾತ್ಮರಾದ ಜನವರಿ 30ರಂದು, 2017ರಿಂದ ಈಚೆಗೆ, ‘ಸ್ಪರ್ಶ್’ ಅಭಿಯಾನದ ಅಂಗವಾಗಿ ಗ್ರಾಮಸಭೆಗಳಲ್ಲಿ ಕುಷ್ಠರೋಗದ ವಿಷಯ ಎತ್ತಲಾಗುತ್ತದೆ. ರೋಗಿಗಳನ್ನು ದೂರವಿಡುವುದಿಲ್ಲವೆಂಬ ಪ್ರತಿಜ್ಞೆಯನ್ನು ಅಲ್ಲಿ ಓದುತ್ತಾರೆ. ಗುಣಹೊಂದಿದವರೊಬ್ಬರು ಎದ್ದು ನಿಂತು ತಮ್ಮ ಕಥೆಯನ್ನು ತಾವೇ ಹೇಳಿದ ಊರಿನಲ್ಲಿ, ಸಭೆ ಮುಗಿದ ಮೇಲೆ ಆಶಾ ಕಾರ್ಯಕರ್ತೆಯನ್ನು ಪಕ್ಕಕ್ಕೆ ಕರೆದು, ‘ಅಕ್ಕಾ, ಇದನ್ನೊಂದಿಷ್ಟು ನೋಡಿ’ ಎಂದು ಮಗುವಿನ ಅಂಗಿಯನ್ನು ಮೇಲೆತ್ತುವ ತಾಯಂದಿರೂ ಇರುತ್ತಾರೆ.