ಪುಣೆ ಕ್ಯಾಂಪಿನ ಚಳಿ: ವಾಡಿಕೆ, ಮಾತು ಮತ್ತು ತವರೂರು

ಸಂಸ್ಕೃತ ಕಾವ್ಯಮೀಮಾಂಸೆಯ ಜಾಡಿನಲ್ಲಿ ನಡೆದ ಕನ್ನಡ ಕವಿಗಳು ವರ್ಷವನ್ನು ಆರು ಋತುಗಳಾಗಿ ವಿಂಗಡಿಸಿ, ಅವುಗಳಲ್ಲಿ ಹೇಮಂತ, ಶಿಶಿರಗಳೆಂಬ ಎರಡನ್ನು ಚಳಿಗೆ ಮೀಸಲಿಟ್ಟರು. ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಸೇರಿದ್ದುದರಿಂದ ಹಿಮ ಬೀಳದ ನಾಡಿನ ಕವಿಯೂ ಹಿಮವನ್ನು ವರ್ಣಿಸಬೇಕಾಯಿತು. ಅವನ ಹಿಮವು ಬಹುಮಟ್ಟಿಗೆ ಇಬ್ಬನಿಯೇ ಆಗಿತ್ತು. ಒಕ್ಕಲಿನ ಲೆಕ್ಕ ಇದಕ್ಕಿಂತ ಸರಳವಾದುದು: ಮಳೆಗಾಲ, ಚಳಿಗಾಲ, ಬೇಸಿಗೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಎಂಬ ಜನರ ಮಾತಿನಲ್ಲಿ ಶಿಶಿರಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಆದರೆ ಈ ಸರಳ ಲೆಕ್ಕವೂ ಕನ್ನಡನಾಡಿನ ಎಲ್ಲೆಡೆ ಒಂದೇ ಅಲ್ಲ. ಮಂಗಳೂರಿನವರು ಚಳಿಗಾಲವೆಂದು ಕರೆಯುವುದನ್ನು ಬೀದರಿನವರು ಚಳಿಯೆಂದೇ ಒಪ್ಪಲಾರರು. ಅವರವರ ಊರಿನಲ್ಲಿರುವವರೆಗೆ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಇಬ್ಬರೂ ಮೂರನೆಯ ಊರೊಂದರಲ್ಲಿ ಎದುರಾದಾಗ ಮಾತ್ರ ಅದು ಮಾತಿಗೆ ವಸ್ತುವಾಗುತ್ತದೆ. ಅಂತಹ ಮೂರನೆಯ ಊರುಗಳಲ್ಲಿ ಪುಣೆ ಒಂದು, ಪುಣೆಯೊಳಗೆ, ಕ್ಯಾಂಪ್.

1817ರ ನವೆಂಬರಿನಲ್ಲಿ ಖಡಕಿಯ ಯುದ್ಧದಲ್ಲಿ ಪೇಶ್ವೆಯ ಸೈನ್ಯ ಸೋತ ಬಳಿಕ ಇಂಗ್ಲಿಷರು ಹಳೆಯ ಪೇಠೆಗಳ ಪೂರ್ವಕ್ಕೆ ತಮ್ಮ ಸೈನ್ಯದ ನೆಲೆಯನ್ನು ಕಟ್ಟಿಕೊಂಡರು. ಬೆಂಗಳೂರಿನವರು ದಂಡು ಎಂದು ಕರೆಯುವುದನ್ನೇ ಪುಣೆಯವರು ಕ್ಯಾಂಪ್ ಎನ್ನುತ್ತಾರೆ. ಕಲ್ಲಿನ ಗೋಡೆ, ಹೆಂಚಿನ ಮಾಡು, ಸುತ್ತ ವಿಶಾಲವಾದ ಅಂಗಳವಿದ್ದ ಬಂಗಲೆಗಳು, ಪರೇಡ್ ಮೈದಾನಗಳು, ಇಗರ್ಜಿಗಳು, 1867ರಲ್ಲಿ ಪೂರ್ಣಗೊಂಡ, ‘ಲಾಲ್ ದೇವಳ’ ಎಂದೇ ಜನರು ಕರೆಯುವ ಯಹೂದಿ ಮಂದಿರ, ಇರಾನಿಗಳ ಬೇಕರಿಗಳು ಇವೆಲ್ಲ ಸೇರಿ ಕ್ಯಾಂಪಿನ ಚಹರೆ ರೂಪುಗೊಂಡಿತು. ದೂರದ ಊರುಗಳಿಂದ ಬಂದವರಿಂದಲೇ ಬೆಳೆದ ಈ ಪ್ರದೇಶಕ್ಕೆ ಕನ್ನಡಿಗರೂ ನಾನಾ ದಾರಿಗಳಿಂದ ಬಂದರು. ಕೊಡಗಿನವರು ಸೈನ್ಯದ ಮೂಲಕ ಬಂದರೆ ಉಡುಪಿಯ ಕಡೆಯವರು ಹೋಟೆಲಿನ ಮೂಲಕ ಬಂದರು. ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳವರು ಕಟ್ಟಡದ ಕೆಲಸ ಹುಡುಕಿಕೊಂಡು ಬಂದರು. ಜನವರಿಯ ಬೆಳಗಿನ ಆರು ಗಂಟೆಗೆ ಈಸ್ಟ್ ಸ್ಟ್ರೀಟಿನಲ್ಲಿ ಇವರೆಲ್ಲರೂ ಕಾಣಸಿಗುವುದುಂಟು. ಕರಾವಳಿಯ ಹೋಟೆಲ್ ಕೆಲಸಗಾರ ಕಿವಿಗೆ ಮಫ್ಲರ್ ಬಿಗಿದು ಹಾಲಿನ ಕ್ಯಾನು ಇಳಿಸಿಕೊಳ್ಳುತ್ತಿರುತ್ತಾನೆ. ಲಡಾಖಿನ ಗಡಿಯಲ್ಲಿ ವರ್ಷಗಳನ್ನು ಕಳೆದ ನಿವೃತ್ತ ಸೈನಿಕ ಅರ್ಧತೋಳಿನ ಅಂಗಿಯಲ್ಲಿ ವಾಯುವಿಹಾರ ಹೊರಟಿರುತ್ತಾನೆ. ಇಬ್ಬರೂ ಇರುವುದು ಒಂದೇ ಉಷ್ಣಮಾನದಲ್ಲಿ.

ಆ ಉಷ್ಣಮಾನ ಎಷ್ಟು? ಪುಣೆಯಲ್ಲಿ ಜನವರಿಯ ಕನಿಷ್ಠ ಉಷ್ಣಮಾನದ ಸರಾಸರಿ ಸುಮಾರು 11ರಿಂದ 12 ಡಿಗ್ರಿ ಸೆಲ್ಸಿಯಸ್. ಅದೇ ದಿನ ಮಧ್ಯಾಹ್ನ ಅದು 30ರ ಹತ್ತಿರ ಏರಿರುತ್ತದೆ. ಮಂಗಳೂರಿನಲ್ಲಿ ಕನಿಷ್ಠವೇ ಸುಮಾರು 21. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಕನಿಷ್ಠ ಸುಮಾರು 16. ಪುಣೆ ಇರುವುದು 560 ಮೀಟರ್ ಎತ್ತರದಲ್ಲಿ ಮಾತ್ರ. ಆದರೂ ಅದರ ರಾತ್ರಿ ಬೆಂಗಳೂರಿನ ರಾತ್ರಿಗಿಂತ ತಂಪು, ಅದರ ಹಗಲು ಬೆಂಗಳೂರಿನ ಹಗಲಿಗಿಂತ ಬಿಸಿ. ಆದ್ದರಿಂದ ಬೆಂಗಳೂರಿನಿಂದ ಬಂದವರಿಗೆ ಪುಣೆಯ ಚಳಿಗಾಲ ಮೊದಲ ವರ್ಷ ಅರ್ಥವಾಗುವುದಿಲ್ಲ. ಬೆಳಿಗ್ಗೆ ತೊಟ್ಟ ಸ್ವೆಟರನ್ನು ಮಧ್ಯಾಹ್ನ ತೋಳಿನ ಮೇಲೆ ಹೊತ್ತು ತಿರುಗಬೇಕಾಗುತ್ತದೆ.

ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಹಗಲು ಕಾದ ನೆಲ ರಾತ್ರಿಯಲ್ಲಿ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತದೆ. ಗಾಳಿಯಲ್ಲಿ ತೇವವಿದ್ದರೆ, ಮೋಡವಿದ್ದರೆ ಆ ಶಾಖದ ಒಂದು ಪಾಲು ನೆಲಕ್ಕೆ ಮರಳುತ್ತದೆ. ಒಣಗಾಳಿ, ನಿರಭ್ರ ಆಕಾಶಗಳಿದ್ದರೆ ಮರಳುವುದು ಕಡಿಮೆ. ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿ ಗೋಡೆಯಂತೆ ನಿಂತು ಸಮುದ್ರದ ಪ್ರಭಾವವನ್ನು ತಡೆಯುತ್ತದೆ. ರಸ್ತೆಯ ದಾರಿಯಲ್ಲಿ 150 ಕಿಲೋಮೀಟರ್ ದೂರದ ಮುಂಬಯಿಯ ಜನವರಿ ರಾತ್ರಿ ಪುಣೆಯದಕ್ಕಿಂತ ಐದು ಡಿಗ್ರಿಯಷ್ಟು ಬೆಚ್ಚಗಿರುವುದು ಇದರಿಂದ. ಹಿಮಾಲಯದಲ್ಲಿ ಹಿಮಪಾತವಾಗಿ ಉತ್ತರದ ಗಾಳಿ ದಖ್ಖನ್ನಿನವರೆಗೆ ಇಳಿದು ಬಂದ ವರ್ಷಗಳಲ್ಲಿ ಚಳಿ ಇನ್ನಷ್ಟು ಬಲಿಯುತ್ತದೆ. 1935ರ ಜನವರಿ 17ರಂದು ಪುಣೆಯಲ್ಲಿ ದಾಖಲಾದ 1.7 ಡಿಗ್ರಿ ಅಂತಹ ಒಂದು ಅಲೆಯ ಫಲ. ಬೆಂಗಳೂರಿನ ದಾಖಲೆ 1884ರ ಜನವರಿ 13ರದ್ದು, 7.8 ಡಿಗ್ರಿ.

ಚಳಿಯ ಅಧ್ಯಯನಕ್ಕೂ ಪುಣೆಗೂ ಹಳೆಯ ನಂಟಿದೆ. ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದಿತು. ಅದು ದೆಹಲಿಗೆ ಹೋದ ಮೇಲೂ ಶಿವಾಜಿನಗರದ ಆ ಕಟ್ಟಡಕ್ಕೆ ‘ಸಿಮ್ಲಾ ಆಫೀಸ್’ ಎಂಬ ಹೆಸರು ಉಳಿಯಿತು. ಚಳಿಯ ಊರಿನ ಹೆಸರನ್ನು ಹೊತ್ತು ಪುಣೆಯ ಚಳಿಯನ್ನು ಅಳೆಯುವ ಕಚೇರಿ! 1932ರಲ್ಲಿ ಇಲ್ಲಿ ಕೃಷಿ ಹವಾಮಾನ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತವರು ಸಿ.ವಿ. ರಾಮನ್ ಅವರ ಶಿಷ್ಯರಾದ ಎಲ್.ಎ. ರಾಮದಾಸ್. ನಿರ್ಮಲವಾದ, ಗಾಳಿ ನಿಂತ ರಾತ್ರಿಗಳಲ್ಲಿ ಅತಿ ತಂಪಾಗಿರಬೇಕಾದುದು ನೆಲದ ಮೈ ಎಂಬುದು ಅಂದಿನ ತಿಳಿವಳಿಕೆ. ರಾಮದಾಸ್ ಮತ್ತು ಅವರ ಸಹೋದ್ಯೋಗಿ ಆತ್ಮನಾಥನ್ ಅಳೆದು ನೋಡಿದಾಗ, ನೆಲದಿಂದ ಒಂದು ಗೇಣಿನ ಆಸುಪಾಸಿನ ಎತ್ತರದಲ್ಲಿರುವ ಗಾಳಿಯ ಪದರ ನೆಲಕ್ಕಿಂತಲೂ ಕೆಲವು ಡಿಗ್ರಿ ತಂಪಾಗಿತ್ತು. ಅದೇ ವರ್ಷ ಇದನ್ನು ಪ್ರಕಟಿಸಿದಾಗ ಅನೇಕರು ಅಳತೆಯ ದೋಷವೆಂದು ತಳ್ಳಿಹಾಕಿದರು. ಕ್ರಮೇಣ ಬೇರೆ ದೇಶಗಳಲ್ಲೂ ಅದು ಕಂಡುಬಂದು ‘ರಾಮದಾಸ್ ಪದರ’ ಎಂಬ ಹೆಸರು ನೆಲೆನಿಂತಿತು.

ಆದರೆ ಕಾರಣ ಮಾತ್ರ ಅರವತ್ತು ವರ್ಷ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸುವ ಸಿದ್ಧಾಂತವೊಂದನ್ನು 1993ರಲ್ಲಿ ಮಂಡಿಸಿದವರು ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಹೋದ್ಯೋಗಿಗಳು. ಕನ್ನಡದಲ್ಲಿ ಖಗೋಳಶಾಸ್ತ್ರವನ್ನು ತಿಳಿಯಹೇಳಿದ ಆರ್.ಎಲ್. ನರಸಿಂಹಯ್ಯನವರ ಪುತ್ರರು ಇವರೆಂಬುದನ್ನು ಕನ್ನಡ ವಿಭಾಗವೊಂದರ ಸಂಪುಟದಲ್ಲಿ ನೆನೆಯುವುದು ಅಪ್ರಸ್ತುತವಾಗದು. ನೆಲ ಮತ್ತು ಗಾಳಿ ಶಾಖವನ್ನು ಸೂಸುವ ಪರಿಯಲ್ಲಿರುವ ವ್ಯತ್ಯಾಸವೇ ಈ ವಿವರಣೆಗೆ ಆಧಾರ. 2010ರ ಸುಮಾರಿಗೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್. ಶ್ರೀನಿವಾಸ್ ಮತ್ತು ಅವರ ಸಂಗಡಿಗರು ಈ ವಿವರಣೆಯನ್ನು ಮರುಪರಿಶೀಲಿಸಿ, ನೆಲದ ಸಮೀಪ ತೇಲುವ ಸೂಕ್ಷ್ಮಕಣಗಳ ಪಾತ್ರವನ್ನು ಮುಂದಿಟ್ಟರು.

ಒಂದು ಗೇಣು ಎತ್ತರದ ಈ ಮಾತು ಪಂಡಿತರಿಗಷ್ಟೇ ಸಂಬಂಧಿಸಿದುದಲ್ಲ. ಹವಾಮಾನ ಇಲಾಖೆಯ ಉಷ್ಣಮಾಪಕ ಇರುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿಯ ಬಣ್ಣ ಬಳಿದ ಜಾಲರಿ ಪೆಟ್ಟಿಗೆಯೊಳಗೆ. ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿ ಆ ಎತ್ತರದ್ದು. ನಿರ್ಮಲವಾದ ರಾತ್ರಿಯಲ್ಲಿ ಬಯಲು ನೆಲದ ಮೇಲೆ ಮಲಗಿದವನ ಮೈ ಇರುವುದು ಅದಕ್ಕಿಂತ ತಂಪಾದ ಪದರದಲ್ಲಿ. ಜೋಳದ ಹೊಲ ಕಾಯುವವನು ಮಂಚಿಗೆಯ ಮೇಲೆ ಮಲಗುತ್ತಾನೆ. ಮಂಚಿಗೆಯನ್ನು ಎತ್ತರಿಸುವುದು ಹಕ್ಕಿ, ಹಂದಿಗಳನ್ನು ದೂರದಿಂದಲೇ ಕಾಣಲೆಂದು, ಚಳಿಗಾಗಿ ಅಲ್ಲ. ಆದರೂ ಅವನು ಆ ಪದರದಿಂದ ಪಾರಾಗುತ್ತಾನೆ. ಊರು ಬಿಟ್ಟು ಪುಣೆಗೆ ಬಂದು ಕಟ್ಟಡದ ಬುಡದಲ್ಲಿ ಮಲಗುವವನಿಗೆ ಆ ಅನುಕೂಲವಿಲ್ಲ. ಒಂದೇ ನಗರದೊಳಗೂ ಅಂಕಿಗಳು ಬೇರೆ ಬೇರೆ. ಗಿಡಮರ, ಬಯಲುಗಳುಳ್ಳ ಪಾಷಾಣ, ಶಿವಾಜಿನಗರಗಳಿಗೂ ಕಾಂಕ್ರೀಟು ದಟ್ಟೈಸಿದ ಮಗರಪಟ್ಟಾಕ್ಕೂ ಒಂದೇ ರಾತ್ರಿಯಲ್ಲಿ ನಾಲ್ಕೈದು ಡಿಗ್ರಿಗಳ ಅಂತರ ಕಂಡುಬರುವುದುಂಟು. ಬಂಗಲೆಗಳ ಅಂಗಳಗಳು ಕರಗಿ ಬಹುಮಹಡಿ ಮನೆಗಳೆದ್ದಲ್ಲೆಲ್ಲ ಕ್ಯಾಂಪಿನ ರಾತ್ರಿಯೂ ಎರಡನೆಯ ಗುಂಪಿನ ಕಡೆಗೆ ಸರಿಯುವುದು ಸಹಜ.

ಇನ್ನು ಚಳಿಯ ಮಾತು. ದಕ್ಷಿಣ ಕರ್ನಾಟಕದ ಆಡುಮಾತಿನಲ್ಲಿ ಚಳಿ ಹೆಚ್ಚಾಗಿ ಮೈಗೆ ಸಂಬಂಧಿಸಿದುದು. ಚತುರ್ಥಿ ವಿಭಕ್ತಿ ಅದರ ಸಂಗಾತಿ. ‘ಅವನಿಗೆ ಚಳಿಯಾಗುತ್ತಿದೆ’ ಎಂದರೆ ಪಕ್ಕದವನಿಗೂ ಆಗುತ್ತಿರಬೇಕೆಂದಿಲ್ಲ. ಹುಬ್ಬಳ್ಳಿ, ಕಲಬುರಗಿಗಳ ಕಡೆ ‘ಥಂಡಿ ಬಿದ್ದದ’ ಎನ್ನುತ್ತಾರೆ. ಮಳೆಯಂತೆ, ಮಂಜಿನಂತೆ ಥಂಡಿ ಇಡೀ ಊರಿನ ಮೇಲೆ ಬೀಳುತ್ತದೆ. ಮರಾಠಿಯಲ್ಲಿ ಎರಡಕ್ಕೂ ಒಂದೇ ನಾಮಪದ, ಕ್ರಿಯಾಪದ ಮಾತ್ರ ಬೇರೆ: ಊರಿಗಾದರೆ ‘ಥಂಡಿ ಪಡತೇ’, ಮೈಗಾದರೆ ‘ಥಂಡಿ ವಾಜತೇ’. ‘ವಾಜಣೆ’ ಎಂದರೆ ನಾದ ಹೊಮ್ಮುವುದು, ಬಾರಿಸುವುದು. ಹಲ್ಲು ಕಟಕಟಿಸುವುದನ್ನು ಕೇಳಿದವರಿಗೆ ಈ ಪ್ರಯೋಗದ ಸೊಗಸು ತಿಳಿಯುತ್ತದೆ. ಹಿತವಾದ ಚಳಿಯನ್ನು ಪುಣೆಯವರು ‘ಗುಲಾಬಿ ಥಂಡಿ’ ಎಂದು ಕರೆದರೆ, ಚುಚ್ಚುವ ಚಳಿ ‘ಬೋಚರಿ ಥಂಡಿ’. ಕನ್ನಡದ್ದೇ ಆದ ‘ಚಳಿ’ ತೆಲುಗಿನಲ್ಲಿ ‘ಚಲಿ’ಯಾಗಿ ಚಳಿಯಾಗಿಯೇ ಉಳಿದರೆ, ಇಂದಿನ ತಮಿಳಿನಲ್ಲಿ ಅದರ ಸೋದರಪದಕ್ಕೆ ನೆಗಡಿ, ಕಫ ಎಂಬ ಅರ್ಥವೇ ಮುಂದಾಗಿದೆ, ತಮಿಳರು ಚಳಿಗೆ ಬಳಸುವ ‘ಕುಳಿರ್’ ಹಳಗನ್ನಡದಲ್ಲಿದ್ದು ಮುಂದೆ ಬಳಕೆ ತಪ್ಪಿತು.

ಮೈಯ ಚಳಿ, ಊರಿನ ಚಳಿ ಎಂಬ ಈ ಭೇದವನ್ನು ವಿಜ್ಞಾನವೂ ಪೂರ್ತಿಯಾಗಿ ಮೀರಿಲ್ಲ. ‘ಶೀತಗಾಳಿ’ ಎಂದು ಘೋಷಿಸಲು ಹವಾಮಾನ ಇಲಾಖೆ ಇಟ್ಟುಕೊಂಡಿರುವ ಕಟ್ಟಳೆಯನ್ನು ನೋಡಬೇಕು. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿರಬೇಕು, ಗುಡ್ಡಗಾಡಿನಲ್ಲಿ ಸೊನ್ನೆಗೆ ಇಳಿದಿರಬೇಕು, ಕರಾವಳಿಯಲ್ಲಾದರೆ 15 ಸಾಕು. ಅಷ್ಟೇ ಅಲ್ಲದೆ, ಆ ಊರಿನ ಆ ದಿನದ ವಾಡಿಕೆಗಿಂತ ಅದು ಕನಿಷ್ಠ 4.5 ಡಿಗ್ರಿ ಇಳಿದಿರಬೇಕೆಂಬುದು ಸಾಮಾನ್ಯ ನಿಯಮ. ಬಯಲಿನಲ್ಲಿ ಕನಿಷ್ಠ 4 ಡಿಗ್ರಿಗೋ ಅದಕ್ಕಿಂತ ಕೆಳಗೋ ಹೋದಾಗ ಮಾತ್ರ ವಾಡಿಕೆಯನ್ನು ಕೇಳುವುದಿಲ್ಲ. ಅಂದರೆ ಉಷ್ಣಮಾಪಕಕ್ಕೂ ಒಂದು ತವರೂರಿದೆ. ಮಂಗಳೂರಿನವನು 14 ಡಿಗ್ರಿಯಲ್ಲಿ ನಡುಗಿದರೆ ಅದನ್ನು ನಾಜೂಕೆಂದು ನಗುವಂತಿಲ್ಲ. ಅವನ ಊರಿನ ಮಟ್ಟಿಗೆ ಅದು ಇಲಾಖೆಯೇ ಒಪ್ಪುವ ಶೀತಗಾಳಿ. ಅವನ ತೊಂದರೆಯೆಂದರೆ ಮೈ ಪುಣೆಗೆ ಬಂದರೂ ವಾಡಿಕೆ ಹಿಂದೆಯೇ ಉಳಿದಿರುವುದು.

ಹೊರದೇಶಗಳಿಗೆ ಹೋದ ಕನ್ನಡ ಕುಟುಂಬಗಳಲ್ಲಿ ಈ ವಾಡಿಕೆ ಇನ್ನೂ ವಿಚಿತ್ರವಾಗಿ ಹೊರಳುತ್ತದೆ. ಷಿಕಾಗೋದಲ್ಲಿ ಜನವರಿಯ ಸರಾಸರಿ ಉಷ್ಣಮಾನವೇ ಸೊನ್ನೆಗಿಂತ ಕೆಳಗೆ. ಆದರೆ ಅಲ್ಲಿ ಚಳಿ ಬಾಗಿಲಿನ ಹೊರಗೆ ನಿಲ್ಲುತ್ತದೆ. ಮನೆಯೊಳಗೆ ಯಂತ್ರದ ಶಾಖ. ಅಲ್ಲಿಂದ ಡಿಸೆಂಬರ್ ರಜೆಗೆಂದು ಪುಣೆಗೆ ಬಂದವರು ಹೊರಗೆ ಬಿಸಿಲಿನಲ್ಲಿ ಹಾಯಾಗಿದ್ದು, ರಾತ್ರಿ ಮನೆಯೊಳಗೆ ತಣ್ಣನೆಯ ಕಲ್ಲುಹಾಸಿನ ಮೇಲೆ ಕಾಲಿಟ್ಟು ‘ಚಳಿ’ ಎಂದು ಉದ್ಗರಿಸುವುದುಂಟು. ಪುಣೆಯ ಮನೆ ಚಳಿಯನ್ನು ಒಳಗೆ ಬಿಟ್ಟುಕೊಳ್ಳುವ ಮನೆ. ಬೇಸಿಗೆಗೆಂದು ಕಟ್ಟಿದ ಮನೆ. ಲಂಡನ್ನಿನಲ್ಲಿ ಚಳಿಗಿಂತ ಕತ್ತಲೆ ದೊಡ್ಡದು. ಡಿಸೆಂಬರಿನ ಕೊನೆಯಲ್ಲಿ ಅಲ್ಲಿಯ ಹಗಲು ಎಂಟು ಗಂಟೆಗಿಂತ ಕಡಿಮೆ. ಪುಣೆಯ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಯಷ್ಟಿರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಜನವರಿಯೇ ನಡುಬೇಸಿಗೆ. ಚಳಿಗೆ ಮೈ ಒಡೆಯದಿರಲೆಂದು ಎಳ್ಳು, ಕೊಬ್ಬರಿ, ಬೆಲ್ಲ ತಿನ್ನುವ ಸಂಕ್ರಾಂತಿ ಅಲ್ಲಿ ಬಿರುಬಿಸಿಲಿನಲ್ಲಿ ಬರುತ್ತದೆ. ಎಳ್ಳು ಬೀರುವುದನ್ನು ಮಾತ್ರ ಯಾರೂ ಜುಲೈಗೆ ಮುಂದೂಡಿಲ್ಲ.

ಪುಣೆಯ ಚಳಿಯ ರಾತ್ರಿಗಳಿಗೆ ಕನ್ನಡಿಗರ ಕಾಣಿಕೆಯೂ ಒಂದಿದೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ನಿಧನರಾದರು. ಅವರ ಸ್ಮರಣೆಗಾಗಿ ಮರುವರ್ಷ ಆರಂಭವಾದ ಸಂಗೀತೋತ್ಸವವನ್ನು ಅವರ ಶಿಷ್ಯರಾದ, ಗದಗಿನ ಭೀಮಸೇನ ಜೋಶಿಯವರು ದಶಕಗಳ ಕಾಲ ನಡೆಸಿದರು. ಗಂಗೂಬಾಯಿ ಹಾನಗಲ್ಲರ ಗಾಯನವೂ ಅಲ್ಲಿ ನಡೆಯುತ್ತಿತ್ತು. ಬಯಲು ಚಪ್ಪರದ ಕೆಳಗೆ ಇರುಳಿಡೀ ನಡೆಯುತ್ತಿದ್ದ ಈ ಉತ್ಸವಕ್ಕೆ ಜನ ಶಾಲು, ಕಂಬಳಿ, ಚಹಾದ ಥರ್ಮಾಸುಗಳೊಂದಿಗೆ ಹೋಗುತ್ತಿದ್ದರು. ನಡುರಾತ್ರಿಯ ರಾಗಗಳನ್ನು ನಡುರಾತ್ರಿಯಲ್ಲೇ, ನಸುಕಿನ ರಾಗಗಳನ್ನು ನಸುಕಿನ ಥಂಡಿಯಲ್ಲೇ ಕೇಳುವ ಅವಕಾಶ ಅದು. ಧ್ವನಿವರ್ಧಕದ ಮೇಲೆ 2000ದಲ್ಲಿ ಬಂದ ನಿಯಮಗಳ ಬಳಿಕ ಆ ಇರುಳು ಮೊಟಕಾಯಿತು. ನಿದ್ದೆಗೆಡುವವರ ದೃಷ್ಟಿಯಿಂದ ನಿಯಮ ನ್ಯಾಯವಾದುದೇ; ಆದರೆ ಡಿಸೆಂಬರಿನ ಆ ಉತ್ಸವಕ್ಕೂ ನಸುಕಿನ ಚಳಿಗೂ ಇದ್ದ ನಂಟು ಅಲ್ಲಿಗೆ ಸಡಿಲಿತು.

ಕ್ಯಾಂಪಿಗೆ ಮರಳಿದರೆ, ಅಲ್ಲಿಯ ಚಳಿಯಲ್ಲಿ ಹೆಚ್ಚು ಹೊತ್ತು ಕಳೆಯುವವರು ರಾತ್ರಿ ಪಾಳಿಯ ಕಾವಲುಗಾರರು ಮತ್ತು ಕಟ್ಟಡದ ಕೆಲಸಗಾರರು. ಕಲಬುರಗಿ, ವಿಜಯಪುರಗಳ ಹಿಂಗಾರಿ ಜೋಳದ ಸೀಮೆಯಿಂದ ಬಂದವರಿಗೆ ಒಣ ಚಳಿ ಹೊಸದಲ್ಲ. ಪುಣೆಯ ರಾತ್ರಿ ಅವರ ಊರಿನ ರಾತ್ರಿಗೆ ಹತ್ತಿರದ ಬಂಧು. ಅಲ್ಲಿ ಹಸಿಜೋಳದ ತೆನೆ ಸುಟ್ಟು ತಿನ್ನುವ ಸೀತನಿಯೂ ಪುಣೆಯ ಸುತ್ತಿನ ಹೊಲಗಳ ಹುರಡಾವೂ ಒಂದೇ. ಅವರು ಊರಿನಿಂದ ತರುವುದು ಕೌದಿ. ಮನೆಯ ಹೆಂಗಸರು ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಆ ಹೊದಿಕೆಯಲ್ಲಿ ಗಾಳಿ ಪದರಗಳ ನಡುವೆ ಸಿಕ್ಕಿಕೊಂಡು ಮೈಯ ಬಿಸಿಯನ್ನು ಕಾಯುತ್ತದೆ. ಒಂದನ್ನು ಹಾಸಿ ಇನ್ನೊಂದನ್ನು ಹೊದೆಯುವುದು ರೂಢಿ. ಒಂದೇ ಇದ್ದವರು ಅರ್ಧ ಹಾಸಿ ಅರ್ಧ ಹೊದೆಯುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಊರಿಗೆ ಹೋಗುವವರು ತಮ್ಮ ಕೌದಿಯನ್ನು ಹೋಗಲಾರದೆ ಉಳಿದವರ ಬಳಿ ಬಿಟ್ಟು ಹೋಗುವುದುಂಟು. ಉಳಿದವರು ನಸುಕಿನಲ್ಲಿ ಎದ್ದು ಮರದ ಚೂರುಗಳನ್ನು ಒಟ್ಟಿ ಬೆಂಕಿ ಹಾಕುತ್ತಾರೆ. ಪಕ್ಕದ ಮರಾಠಿ ಕಾವಲುಗಾರ ಅದನ್ನು ಶೇಕೋಟಿ ಎನ್ನುತ್ತಾನೆ, ‘ಥಂಡಿ ವಾಜತೇ’ ಎಂದು ಅಂಗೈ ಚಾಚುತ್ತಾನೆ. ಇವರು ‘ಥಂಡಿ ಬಿದ್ದದ’ ಎಂದು ತುಸು ಸರಿದು ಜಾಗ ಕೊಡುತ್ತಾರೆ.